ರೀಲಿಲ್ಲದ ಕ್ಯಾಮೆರಾ

ನಮ್ಮಪ್ಪ ಫೋಟೊಗ್ರಾಫರ್. ಊರಿನ ಅರ್ಧ ಮಂದಿಯ ಮುಖ ಅವನ ಪೆಟ್ಟಿಗೆಯಲ್ಲಿತ್ತು. ಮನೆಯವರದು ಮಾತ್ರ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ.

ಎಪ್ಪತ್ತರ ದಶಕ, ರೀಲು ದುಬಾರಿ. ಸ್ಟುಡಿಯೊಗೆ ಬಂದ ಮಕ್ಕಳು ಬಿಗಿದುಕೊಂಡು ನಿಂತರೆ ಅಪ್ಪ ಮೊದಲು ರೀಲಿಲ್ಲದ ಹಳೇ ಕ್ಯಾಮೆರಾದಲ್ಲಿ ನಾಲ್ಕು ಸಲ ಕ್ಲಿಕ್ ಮಾಡಿ ನಗಿಸುತ್ತಿದ್ದ. ನನ್ನ ತಂಗಿ ಚೂಟಿಗೂ ಮನೆಯಲ್ಲಿ ಅದೇ ಮದ್ದು. ದಿನಾ ಸಂಜೆ ಅಮ್ಮನ ಕನ್ನಡಕ, ನನ್ನ ಚಪ್ಪಲಿ ಹಾಕಿಕೊಂಡು ಬಂದು ನಿಲ್ಲುತ್ತಿದ್ದಳು.

"ಅಪ್ಪಾ, ಒಂದೇ ಒಂದು!"

"ಗದ್ದ ಎತ್ತು... ಹಾಂ, ಕ್ಲಿಕ್! ಮಹಾರಾಣಿ ಥರ ಬಂದಿದ್ದೀಯ."

"ಯಾವಾಗ ಕೊಡ್ತೀಯ?"

"ತೊಳೀಬೇಕು ಕಣೇ. ನಾಳೆ."

ಗುಟ್ಟು ನನಗೆ ಗೊತ್ತಿತ್ತು. ಅಪ್ಪನ ಹಿಂದೆ ನಿಂತು ಕಿಸಕಿಸ ನಗುತ್ತಿದ್ದೆ. ಆಗಿನ ನನ್ನ ಮೋರೆಗೆ ಈಗಲೂ ಒಂದು ಬಿಗಿಯಬೇಕು ಅನ್ನಿಸುತ್ತದೆ.

ಸ್ಟುಡಿಯೊದಲ್ಲಿ ಅವಳಿಗೊಂದು ಕೆಲಸವೂ ಇತ್ತು. ಫೋಟೊಗೆ ನಿಂತವರ ಬೆನ್ನಹಿಂದೆ ಇಳಿಬಿಟ್ಟ ಪರದೆ ಕಿಟಕಿಯ ಗಾಳಿಗೆ ಹಾರದಂತೆ, ಅದರ ಹಿಂದೆ ಮರೆಯಾಗಿ ನಿಂತು ಅಂಚು ಹಿಡಿದುಕೊಳ್ಳುವುದು.

"ಉಸಿರು ಬಿಟ್ಟೀಯ, ಜೋಕೆ!" ಎಂದು ಅಪ್ಪ ಗದರಿದರೆ, ಪರದೆಯ ಹಿಂದಿನಿಂದ, "ಉಸಿರೂ ಫೋಟೊದಲ್ಲಿ ಬೀಳುತ್ತಾ?" ಎಂಬ ತಲೆಹರಟೆ.

ಒಂಬತ್ತನೇ ವರ್ಷದಲ್ಲಿ ಅವಳಿಗೆ ಜ್ವರ ಬಂತು. ಐದೇ ದಿನ. ಹೊರಟೇ ಹೋದಳು.

"ಅವಳದೊಂದು ಫೋಟೊ ಕೊಡ್ರೀ," ಅಂದಳು ಅಮ್ಮ. "ದಿನಾ ತೆಗೀತಿದ್ರಲ್ಲ. ಒಂದಾದ್ರೂ ತೊಳೆದು ಕೊಡಿ."

ಅಪ್ಪ ಹಳೇ ಕ್ಯಾಮೆರಾದ ಕಡೆ ನೋಡಿದ. ನಾನೇ ಹೇಳಿದೆ, "ಅಮ್ಮಾ, ಅದ್ರಲ್ಲಿ ರೀಲೇ ಇರ್ಲಿಲ್ಲ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡು ದಿನ ಅಪ್ಪ ಸ್ಟುಡಿಯೊ ಬಾಗಿಲು ಹಾಕಿಕೊಂಡು ಹಳೆಯ ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ. ಯಾರದೋ ಮದುವೆ, ಯಾರದೋ ಮಗು, ಅಂಚೆಯವನ ಮೀಸೆ. ಮೂರನೆಯ ದಿನ ಒಂದು ದೊಡ್ಡ ಫೋಟೊ ತಂದು ಅಮ್ಮನ ಕೈಗಿಟ್ಟ. ಯಾವುದೋ ಕುಟುಂಬದ್ದು, ಮುಖಗಳನ್ನೆಲ್ಲ ಕತ್ತರಿಸಿ ತೆಗೆದಿದ್ದ. ಉಳಿದದ್ದು ಪರದೆಯ ಅಂಚು, ಅದನ್ನು ಬಿಗಿಯಾಗಿ ಹಿಡಿದ ನಾಲ್ಕು ಪುಟ್ಟ ಬೆರಳು. ಒಂದು ಉಗುರು ಕಪ್ಪಗಿತ್ತು. ಬಣ್ಣ ಅಂತ ನನ್ನ ಪೆನ್ನಿನ ಮಸಿ ಬಳಿದುಕೊಂಡಿದ್ದಳು, ಕಳ್ಳಿ.

ಅಮ್ಮ ಆ ಬೆರಳುಗಳನ್ನು ಸವರುತ್ತಾ ಕೂತಳು.

"ಸಾಕು, ಬಿಡೇ," ಅಂದಳು. "ಕೈ ನೋಯುತ್ತೆ."