ಕೃತಿ ಒಂದು: ಅತ್ತೆಯ ಹಲ್ಲು

ನನ್ನ ತಾಯಿ ನನ್ನ ಹೆಂಡತಿಯನ್ನು ಬೈಯುವುದು ನನ್ನ ಹೆಂಡತಿಯೇ ಮಾಡಿಕೊಟ್ಟ ಹಲ್ಲಿನಿಂದ. ಇದರಲ್ಲಿ ನಾನು ಏನೂ ಸೇರಿಸಿಲ್ಲ. ಸೇರಿಸಬೇಕಾದಲ್ಲಿ ಮುಂದೆ ಸೇರಿಸುತ್ತೇನೆ, ಗೊತ್ತಾಗುವಂತೆಯೇ ಸೇರಿಸುತ್ತೇನೆ.

ಹೆಂಡತಿಯ ಕೆಲಸ ಹಲ್ಲುಸೆಟ್ಟು ತಯಾರಿಸುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಲ್ಯಾಬಿನ ಮೂಲೆಯಲ್ಲಿ, ಗುರ್ ಅನ್ನುವ ಕಂಪ್ರೆಸರ್ ಪಕ್ಕದಲ್ಲಿ ಕೂತು ಹಲ್ಲು ಕೂರಿಸುತ್ತಾಳೆ. ಮದುವೆಗೆ ಮುಂಚೆ ಚಿತ್ರಕಲೆಯಲ್ಲಿ ಡಿಗ್ರಿ ಮಾಡಿದ್ದಳು. ಡಿಗ್ರಿ ಬೀರುವಿನಲ್ಲಿ ಉಳಿಯಿತು, ಚಾಳಿ ಕೈಯಲ್ಲಿ ಉಳಿಯಿತು. ಬೇರೆಯವರು ಮುತ್ತಿನಂಥ ಹಲ್ಲು ಮಾಡಿ ಕಳಿಸಿದರೆ ಇವಳು ಗಿರಾಕಿಯ ಹಳೇ ಫೋಟೋ ತರಿಸಿಕೊಂಡು, ಮೂರ್ನಾಲ್ಕು ಮಾತು ಆಡಿಸಿ, ನಗಿಸಿ, ಆಮೇಲೆ ಒಂದು ಹಲ್ಲನ್ನು ಬೇಕೆಂದೇ ಸೊಟ್ಟಗೆ ಕೂರಿಸುತ್ತಾಳೆ. ಸಣ್ಣ ಕುಂಚದಲ್ಲಿ ಮೂವತ್ತು ವರ್ಷದ ಚಹಾ ಬಳಿಯುತ್ತಾಳೆ. ಬೀಡಿ ಸೇದುವವನಿಗೆ ಬೀಡಿಯ ಬಣ್ಣ, ಸುಳ್ಳು ಹೇಳುವವನಿಗೆ ಮುಂದಿನೆರಡು ಹಲ್ಲಿನ ನಡುವೆ ಒಂದು ಸಂದು. ಹಾಕಿಕೊಂಡವರನ್ನು ನೋಡಿದರೆ ಹುಟ್ಟಿದಾಗಿನಿಂದ ಅದೇ ಹಲ್ಲು ಅನ್ನಬೇಕು. ಇಷ್ಟು ವರ್ಷದಲ್ಲಿ ಅವಳ ಕೆಲಸವನ್ನು ಊರೆಲ್ಲ ನೋಡಿದೆ, ನೋಡಿದ್ದು ಮಾತ್ರ ಯಾರಿಗೂ ಗೊತ್ತಾಗಿಲ್ಲ. ನಮ್ಮಪ್ಪ ಬದುಕಿದ್ದಷ್ಟು ದಿನವೂ ನಮ್ಮಮ್ಮನ ಹಲ್ಲು ನಿಜದ್ದೆಂದೇ ನಂಬಿದ್ದರು. ಅಮ್ಮ ಅದನ್ನು ಯಾರೆದುರಿಗೂ ತೆಗೆದವಳಲ್ಲ. ನನ್ನೆದುರಿಗೂ ಇಲ್ಲ.

ಹೀಗಿರುವಾಗ ಹೆಂಡತಿ ಕಲಾ ಕಾಲೇಜಿನ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕಿದಳು. ಶಿಲ್ಪ ವಿಭಾಗ. ವಯಸ್ಸಿನ ಮಿತಿ ನಲವತ್ತೈದು. ಅವಳಿಗೆ ಇದೇ ಕಡೇ ವರ್ಷ.

"ಈಗ ಯಾಕೆ ಇದೆಲ್ಲ?" ಅಂತ ನಾನು ಕೇಳಿದೆ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡುವುದು ನನ್ನ ಅಭ್ಯಾಸ.

ಅವಳು ಪ್ರಕಟಣೆಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಆಯ್ಕೆಯಾದ ಪ್ರತಿಯೊಬ್ಬರಿಗೂ ಎರಡು ವರ್ಷದ ಮಟ್ಟಿಗೆ ಒಂದು ಸ್ವಂತ ಕೋಣೆ, ಬೀಗದ ಸಮೇತ.

ನಮ್ಮ ಮನೆಯಲ್ಲಿರುವುದು ಎರಡು ಕೋಣೆ. ಎರಡರಲ್ಲೂ ನಮ್ಮಮ್ಮ ಇರುತ್ತಾಳೆ. ಹೇಗೆ ಅಂತ ಕೇಳಬೇಡಿ. ಒಮ್ಮೆ ಹೆಂಡತಿ ಅಡುಗೆಕಟ್ಟೆಯ ಮೇಲೆ ಜೇಡಿಮಣ್ಣಿನಲ್ಲಿ ಒಂದು ಮುಖ ಮಾಡುತ್ತಿದ್ದಳು, ಒಂದು ವಾರದ ಕೆಲಸ. ಅಮ್ಮ ಅದನ್ನು ತೊಳೆದು ಕಟ್ಟೆ ಒರೆಸಿದಳು. "ಮಣ್ಣು ಬಿದ್ದಿತ್ತು" ಅಂದಳು. ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತಿಯಾದವಳು. ಪ್ರಪಂಚದಲ್ಲಿ ಅವಳಿಗೆ ಎರಡೇ ಜಾತಿ: ಒಗೆದದ್ದು, ಒಗೆಯಬೇಕಾದದ್ದು.

"ಬಾಗಿಲು ಹಾಕ್ಕೊಂಡು ಒಂದು ಮುಖ ಪೂರ್ತಿ ಮಾಡ್ಬೇಕು ರೀ," ಅಂದಳು ಹೆಂಡತಿ. "ಅಷ್ಟೇ."

ಅರ್ಜಿಯ ಜೊತೆ ಕೃತಿಗಳ ಫೋಟೋ ಕೇಳಿದ್ದರು. ಇವಳು ಹಲ್ಲುಗಳನ್ನು ಬಹಳ ಹತ್ತಿರದಿಂದ ತೆಗೆದು ಕಳಿಸಿದಳು. ತಿಂಗಳೊಳಗೆ ಸಂದರ್ಶನಕ್ಕೆ ಕರೆ ಬಂತು. "ತಮ್ಮ ಅಮೃತಶಿಲೆಯ ಬೆಟ್ಟಸಾಲು ಸಮಿತಿಯನ್ನು ಬೆರಗುಗೊಳಿಸಿದೆ. ಮೂರು ಮೂಲ ಕೃತಿಗಳನ್ನು ತರತಕ್ಕದ್ದು. ಸಾಗಣೆ ವೆಚ್ಚ, ಕ್ರೇನ್ ಇತ್ಯಾದಿ ಅಭ್ಯರ್ಥಿಯದೇ."

ಕ್ರೇನ್ ಬೇಕಾಗಲಿಲ್ಲ. ಬೇಕಾದದ್ದು ಬಾಯಿ. ಮೂಲ ಕೃತಿಗಳೆಲ್ಲ ಊಟ ಮಾಡುತ್ತಾ ಓಡಾಡಿಕೊಂಡಿದ್ದವಲ್ಲ. ಹೆಂಡತಿ ಯೋಚನೆ ಮಾಡಿ ಮೂವರನ್ನು ಆರಿಸಿದಳು. ಒಬ್ಬರು ಅವಳ ಸೋದರಮಾವ, ಹರಾಜು ಕೂಗುವವರು. ಉಸಿರು ಬಿಡದೆ ಕೂಗಬೇಕೆಂದು ಇವಳು ಅವರಿಗೆ ಪಕ್ಕದ ಹಲ್ಲೊಂದನ್ನು ಗಾಳಿ ಹೋಗುವಂತೆ ಕೂರಿಸಿದ್ದಳು. ಆ ಹಲ್ಲು ಹಾಕಿಕೊಂಡ ವರ್ಷ ಅವರು ಒಂದು ಕುಂಟ ಮೇಜನ್ನು ಎಷ್ಟು ವೇಗವಾಗಿ ಕೂಗಿದರೆಂದರೆ ಅದರ ಮಾಲೀಕನೇ ಅದನ್ನು ಕೊಂಡುಕೊಂಡ. ಎರಡನೆಯವರು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು, ಎಲ್ಲರೂ ಅವರನ್ನು ಪೀಪಿ ಅನ್ನುತ್ತಾರೆ. ಅವರ ಮುಂದಿನ ಹಲ್ಲುಗಳಲ್ಲಿ ವಾದ್ಯದ ಮೂತಿ ಸವೆಸಿದ ಗುಳಿಯಿದೆ, ಆ ಗುಳಿ ಇವಳು ಕೆತ್ತಿದ್ದು. ಮೂರನೆಯವಳು ನಮ್ಮಮ್ಮ.

"ನನ್ನನ್ಯಾಕೆ ಎಳೀತೀಯ ಇದಕ್ಕೆ?" ಅಂದಳು ಅಮ್ಮ.

"ನಿಮ್ಮದೇ ನಾನು ಮಾಡಿದ್ದರಲ್ಲಿ ಚೆನ್ನಾಗಿರೋದು ಅತ್ತೆ."

ಅಮ್ಮ ಎದ್ದು ಹೋಗಿ ಕನ್ನಡಿಯೆದುರು ಹಲ್ಲು ನೋಡಿಕೊಂಡಳು. ಅದೇ ಅಪಾಯದ ಸೂಚನೆ, ನಮಗೆ ಹೊಳೆಯಲಿಲ್ಲ.

ಸಂದರ್ಶನದ ಹಿಂದಿನ ಮಧ್ಯಾಹ್ನ ಹೆಂಡತಿ ಲ್ಯಾಬಿಗೆ ಹೋಗಿದ್ದಾಗ ಅಮ್ಮ ಇನ್ನಿಬ್ಬರನ್ನೂ ಮನೆಗೆ ಕರೆಸಿದಳು. "ನಾಳೆ ದೊಡ್ಡವರ ಮುಂದೆ ನಿಂತ್ಕೋಬೇಕು. ಹೀಗೇ ಹೋಗ್ತೀರಾ? ಆ ಬಾಯಿ ನೋಡಿ, ಸೌದೆ ಒಲೆ ಇದ್ದ ಹಾಗಿದೆ. ಇಬ್ಬರೂ ತೆಗ್ದು ಇಲ್ಲಿ ಹಾಕಿ. ಪಾಪ, ಆ ಹುಡುಗಿ ಮರ್ಯಾದೆ ಪ್ರಶ್ನೆ."

ಆ ಹುಡುಗಿ ಅಂದರೆ ನನ್ನ ನಲವತ್ತೈದರ ಹೆಂಡತಿ.

ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಮೇಲೆ ಏನೇನು ಬೀಳುತ್ತದೆ ಅಂತ ನಿಮಗೆ ಗೊತ್ತಿರಬಹುದು. ಅದನ್ನೆಲ್ಲ ಬಿಳಿ ಮಾಡುವ ಒಂದು ಪುಡಿ ಅಮ್ಮನ ಹತ್ತಿರ ಡಬ್ಬಿಗಟ್ಟಲೆ ಉಳಿದಿತ್ತು. ಮೂರು ಸೆಟ್ಟೂ ಮೂರು ಬಟ್ಟಲಲ್ಲಿ ಸಂಜೆಯ ತನಕ ನೆನೆದವು. ಅಮ್ಮನದು ಮಾತ್ರ ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಅಂತ ಸೋದರಮಾವ ಆಮೇಲೆ ಹೇಳಿದರು.

ಮರುದಿನ ಹೆಂಡತಿ ಮುಂಚೆಯೇ ಬಸ್ಸಿಗೆ ಹೋದಳು. ಬೆಳಿಗ್ಗೆಯಿಂದ ಅತ್ತೆ ತುಟಿ ಬಿಚ್ಚಿರಲಿಲ್ಲ. "ಒಳ್ಳೇ ಶಕುನ ರೀ," ಅಂದು ಖುಷಿಯಾಗಿಯೇ ಹೋದಳು. ಮೂಲ ಕೃತಿಗಳನ್ನು ಟ್ಯಾಕ್ಸಿಯಲ್ಲಿ ತರುವ ಜವಾಬ್ದಾರಿ ನನ್ನದು. ದಾರಿಯಲ್ಲಿ ಸೋದರಮಾವ ಏನೋ ಜೋಕು ಹೇಳಿ ಮೂವರೂ ಒಟ್ಟಿಗೆ ನಕ್ಕರು. ಎದುರಿಗೆ ಬರುತ್ತಿದ್ದ ಲಾರಿಯವನು ಲೈಟು ಡಿಮ್ ಮಾಡು ಅಂತ ಸನ್ನೆ ಮಾಡಿದ. ಬೆಳಿಗ್ಗೆ ಹತ್ತು ಗಂಟೆಗೆ. ಟ್ಯಾಕ್ಸಿಯವನು ಕನ್ನಡಿಯನ್ನು ಬೇರೆ ಕಡೆ ತಿರುಗಿಸಿಕೊಂಡ. ನಿಜ ಹೇಳುತ್ತೇನೆ, ನನಗೆ ಚೆನ್ನಾಗಿಯೇ ಕಂಡಿತು.

ಕಾಲೇಜಿನ ಗುಮಾಸ್ತ ಬಾಗಿಲಲ್ಲಿ ತಡೆದ. "ಕೃತಿಗಳೆಲ್ಲಿ?"

"ಇವೇ," ಅಂದೆ.

ಅವನು ಮೂವರನ್ನೂ ಮೇಲಿಂದ ಕೆಳಗೆ ನೋಡಿ, ಇದಕ್ಕಿಂತ ವಿಚಿತ್ರದ್ದನ್ನು ಬೆಳಿಗ್ಗೆಯೇ ಒಳಗೆ ಬಿಟ್ಟವನಂತೆ, ಒಬ್ಬೊಬ್ಬರ ಭುಜಕ್ಕೂ ಒಂದೊಂದು ಚೀಟಿ ಅಂಟಿಸಿದ. ಅಮ್ಮನಿಗೆ "ಕೃತಿ ಒಂದು" ಬಂತು. ಒಂದು ಅಂತ ಬಂದದ್ದಕ್ಕೆ ಅವಳಿಗೆ ಸಮಾಧಾನ.

ಒಳಗೆ ಎತ್ತರದ ಕಿಟಕಿಗಳ ಕೋಣೆ, ಉದ್ದನೆ ಮೇಜು, ಮೇಜಿನ ಹಿಂದೆ ಮೂವರು. ನಡುವೆ ಕೂದಲು ಕತ್ತರಿಸಿಕೊಂಡಿದ್ದ ಅಧ್ಯಕ್ಷೆ. ಅವರ ಬಲಕ್ಕೆ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡ ಮೇಷ್ಟ್ರು. ಎಡಕ್ಕೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಕುಟ್ಟುತ್ತಿದ್ದ ಒಬ್ಬ ಯುವಕ. ಹೆಂಡತಿ ನೆಟ್ಟಗೆ ನಿಂತಿದ್ದಳು, ಕೈಯಲ್ಲಿ ಲ್ಯಾಬಿನ ಚೀಲ.

"ಬೆಟ್ಟಸಾಲು ಹೊರಗಿದೆಯಾ?" ಅಧ್ಯಕ್ಷೆ ಕೇಳಿದರು.

"ಅದು ಬೆಟ್ಟ ಅಲ್ಲ ಮೇಡಂ, ಹಲ್ಲು."

"ಹಲ್ಲು," ಅಂದರು ಕನ್ನಡಕದ ಮೇಷ್ಟ್ರು, ಕನ್ನಡಕವನ್ನು ಕೆಳಗಿಳಿಸಿ. "ಎಷ್ಟು ಎತ್ತರ?"

"ಒಂಬತ್ತು ಮಿಲಿಮೀಟರು."

ಮೇಜಿನ ಹಿಂದೆ ಸ್ವಲ್ಪ ಹೊತ್ತು ದುಃಖ ಕವಿಯಿತು. ಆದರೆ ಹೆಂಡತಿ ಬಿಡಲಿಲ್ಲ. ಚೆನ್ನಾಗಿಯೇ ಮಾತಾಡಿದಳು. ಮನುಷ್ಯ ಬಾಯಿ ಹೇಗೆ ಬಳಸುತ್ತಾನೋ ಹಾಗೆ ಹಲ್ಲು ಸವೆಯುತ್ತೆ, ಆ ಸವೆತವನ್ನು ನಾನು ಕೈಯಿಂದ ಮಾಡ್ತೀನಿ, ಒಬ್ಬೊಬ್ಬರದೂ ಬೇರೆ, ನೀವೇ ನೋಡಿ, ಅಂದಳು. ಯುವಕ ಕುಟ್ಟುವುದು ನಿಲ್ಲಿಸಿ ತಲೆಯೆತ್ತಿದ. ಗೆಲ್ಲುತ್ತಾಳೆ ಅನಿಸಿತು ನನಗೆ.

"ಅತ್ತೆ, ಮಾವ, ಪೀಪಿಯವರೇ, ಸ್ವಲ್ಪ ನಗಿ," ಅಂದಳು, ಅವರ ಕಡೆ ನೋಡದೆ.

ನಕ್ಕರು.

ಕಿಟಕಿಯ ಬಿಸಿಲು ನೇರ ಬೀಳುತ್ತಿತ್ತು. ಅಧ್ಯಕ್ಷೆ ಫೈಲು ಅಡ್ಡ ಹಿಡಿದರು. ಕನ್ನಡಕದ ಮೇಷ್ಟ್ರ ಕನ್ನಡಕ, ಬಿಸಿಲಿಗೆ ಕಪ್ಪಾಗುವ ಜಾತಿಯದು, ಗಬಕ್ಕನೆ ಕಪ್ಪಾಯಿತು. ಗುಮಾಸ್ತ ಬಾಗಿಲಲ್ಲಿ ಇಣುಕಿ, "ಹಗಲಲ್ಲಿ ಟ್ಯೂಬ್‌ಲೈಟ್ ಹಾಕಬಾರದು ಅಂತ ಸುತ್ತೋಲೆ ಇದೆ," ಅಂದು ಹೋದ.

ಮೂರು ಬಾಯಿ, ಒಂದೇ ಬಿಳುಪು. ಚಹಾ ಇಲ್ಲ, ಬೀಡಿ ಇಲ್ಲ, ಮೂವತ್ತು ವರ್ಷ ಇಲ್ಲ.

ಹೆಂಡತಿ ತಿರುಗಿ ನೋಡಿದಳು. "ಏನ್ ಮಾಡಿದ್ರಿ ಅತ್ತೆ?"

"ಒಗೆದೆ," ಅಂದಳು ಅಮ್ಮ.

"ಒಗೆದ್ರಾ?"

"ನಿನಗೋಸ್ಕರನೇ ಕಣೆ. ಮೂವರದೂ. ಒಂದು ಚುಕ್ಕೆ ಉಳಿದಿದ್ರೆ ಕೇಳು."

ಅಧ್ಯಕ್ಷೆ ಫೈಲನ್ನು ಕೆಳಗಿಟ್ಟರು. "ನೋಡಿ, ಇದು ಅಂಗಡಿಯಲ್ಲಿ ಸಿಗೋ ಮಾಲು ಇದ್ದ ಹಾಗಿದೆ. ನೀವು ಹೇಳಿದ ಯಾವುದೂ ಇದರಲ್ಲಿ ಕಾಣ್ತಿಲ್ಲ. ಕ್ಷಮಿಸಿ, ಮುಂದಿನವರನ್ನ..."

"ಮೇಡಂ, ಒಂದು ನಿಮಿಷ." ಹೆಂಡತಿ ಚೀಲ ಬಿಚ್ಚಿ ಮೇಜಿನ ಮೇಲೆ ಕುಂಚ, ಬಣ್ಣದ ಪುಟ್ಟ ಶೀಶೆಗಳನ್ನು ಇಟ್ಟಳು. "ಇಲ್ಲೇ ಮಾಡಿ ತೋರಿಸ್ತೀನಿ. ಅತ್ತೆ, ಕೊಡಿ."

"ಏನು?"

"ಹಲ್ಲು."

"ಇಷ್ಟು ಜನದ ಎದುರಿಗಾ? ತಲೆ ಕೆಟ್ಟಿದೆಯಾ ನಿನಗೆ?"

"ನನಗಿದು ಕಡೇ ವರ್ಷ ಅತ್ತೆ."

ಹೆಂಡತಿ ಅಂಗೈ ಚಾಚಿದಳು. ಕೂದಲೆಳೆಯಷ್ಟು ತೆಳು ಗೆರೆ ಎಳೆಯುವ ಕೈ ಅದು, ಯಾರ ಮುಂದೂ ಚಾಚಿದ್ದನ್ನು ನಾನು ನೋಡಿರಲಿಲ್ಲ. ಅಮ್ಮನೂ ನೋಡಿರಲಿಲ್ಲವೇನೋ, ಆ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ, "ನೀನು ಆ ಕಡೆ ತಿರುಗೋ," ಅಂದಳು.

ನಾನು ಗೋಡೆ ಕಡೆ ತಿರುಗಿದೆ. ಹಿಂದೆ ಚಪ್ ಅಂತ ಒಂದು ಸದ್ದಾಯಿತು. ಸೋದರಮಾವ ಮತ್ತು ಪೀಪಿ ಕೂಡ ನನ್ನ ಪಕ್ಕಕ್ಕೆ ಬಂದು ಗೋಡೆ ನೋಡುತ್ತಾ ನಿಂತರು, ಮರ್ಯಾದೆಗೆ. ಹೀಗಾಗಿ ಮುಂದಿನದನ್ನು ನಾನು ಕೇಳಿದ್ದು ಮಾತ್ರ.

"ಹೌಹ ಹಹೆ ಹುಹು," ಅಂದಳು ಅಮ್ಮ.

"ಸುಮ್ನಿರಿ ಅತ್ತೆ. ನೀವು ಬಲಗಡೆ ಮಾತ್ರ ಅಗಿಯೋದು. ನಂಗೊತ್ತಿಲ್ವಾ?"

"ಹಾಹು? ಹಾಹು ಹಹಹಹ!"

"ಹೇಳಿದ್ದೆ. ಹೇಳಿದ್ರೆ ಕೇಳಿದ್ರಾ? ನಾನು ಮಾಡಿದ ಮುಖನೂ ಹೀಗೇ ತೊಳೆದ್ರಿ. ಅದು ಯಾರ ಮುಖ ಅಂತ ಒಂದಿನಾನಾದ್ರೂ ಕೇಳಿದ್ರಾ?"

"ಹಾಹ ಹುಹ?" ಅಂದಳು ಅಮ್ಮ, ಮೆಲ್ಲಗೆ.

"ನಿಮ್ಮದೇ."

ಕುಂಚವನ್ನು ಶೀಶೆಯ ಅಂಚಿಗೆ ಒರೆಸುವ ಸದ್ದು ಕೇಳಿಸಿತು. ಆಮೇಲೆ ಇದ್ದಕ್ಕಿದ್ದಂತೆ ಅಮ್ಮ ಶುರು ಮಾಡಿದಳು. ಹಲ್ಲಿಲ್ಲದೆ, ವ್ಯಂಜನವಿಲ್ಲದೆ, ನಮ್ಮ ಸಂಸಾರದ ಇಡೀ ಚರಿತ್ರೆಯನ್ನು ಬರೀ ಗಾಳಿಯಲ್ಲಿ ಹೇಳಿದಳು. ಹೆಂಡತಿ ಒಂದೊಂದಕ್ಕೂ ಉತ್ತರ ಕೊಡುತ್ತಾ ಬಣ್ಣ ಹಚ್ಚುತ್ತಾ ಹೋದಳು.

"ಸಾಕು!" ಅಂತ ಅಧ್ಯಕ್ಷೆ ಕೂಗಿದರು. "ನಿಲ್ಲಿಸಿ. ಹಾಗೇ ಇರಲಿ."

"ಅರ್ಧ ಮಾತ್ರ ಆಗಿದೆ ಮೇಡಂ."

"ಅರ್ಧವೇ ಇರಲಿ. ಪೂರ್ತಿಯಾದರೆ ಸತ್ತುಹೋಗುತ್ತೆ."

ನಾವು ತಿರುಗುವ ಹೊತ್ತಿಗೆ ಅಮ್ಮ ಹಲ್ಲು ಹಾಕಿಕೊಂಡಿದ್ದಳು. ಬಲಗಡೆ ಹಳೆಯದು, ಎಡಗಡೆ ಆಸ್ಪತ್ರೆ. ಮೇಜಿನ ಹಿಂದೆ ಮೂವರೂ ಎದ್ದು ನಿಂತಿದ್ದರು. ಕನ್ನಡಕದ ಮೇಷ್ಟ್ರು ಕಪ್ಪು ಕನ್ನಡಕದ ಕೆಳಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಹಲ್ಲನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ.

"ಶಿಲ್ಪ ವಿಭಾಗದಲ್ಲಿ ನಿಮಗೆ ಸೀಟಿಲ್ಲ," ಅಂದರು ಅಧ್ಯಕ್ಷೆ. "ವಸ್ತುಗಳು ಸಾಧಾರಣ. ಆದರೆ ಪರ್ಫಾರ್ಮೆನ್ಸ್ ವಿಭಾಗಕ್ಕೆ ಈಗಲೇ ತಗೋತೀವಿ, ಅಲ್ಲಿ ಜನರ ಮುಂದೆ ಮಾಡೋದೇ ಕೃತಿ. ಒಂದು ಮುಖ ಇನ್ನೊಂದು ಮುಖವನ್ನು ಅಳಿಸೋದು, ಭಾಷೆ ಕಳಚಿ ಅಂಗೈಗೆ ಬರೋದು, ಎಂಥಾ ಯೋಜನೆ! ಎಷ್ಟು ದಿನ ಅಭ್ಯಾಸ ಮಾಡಿದ್ರಿ ಇಬ್ಬರೂ?"

"ಇಪ್ಪತ್ತೆರಡು ವರ್ಷ," ಅಂದಳು ಅಮ್ಮ.

ಯುವಕ ಅದನ್ನು ಕುಟ್ಟಿಕೊಂಡ.

ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಕೋಣೆ ಕೊಡ್ತೀರಾ?"

"ಖಂಡಿತ. ಬೀಗದ ಕೈ ಎರಡು. ಇವರಿಗೂ ಒಂದು. ಇವರಿಲ್ಲದೆ ನಿಮ್ಮ ಕೆಲಸ ಇಲ್ಲವಲ್ಲ."

ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆವು. ಸಂಜೆಯೊಳಗೆ ಒಪ್ಪಿಗೆ ಹೇಳಬೇಕಿತ್ತು. ಹೆಂಡತಿ ಕುಂಚದ ಕೂದಲನ್ನು ಬೆರಳಲ್ಲಿ ಚೂಪು ಮಾಡುತ್ತಾ ಕೂತಳು.

"ಹೇಳಮ್ಮಾ, ಒಂದನೇ ಸಲ... ಎರಡನೇ ಸಲ..." ಅಂತ ಸೋದರಮಾವ ಶುರು ಮಾಡಿದರು. ಅಭ್ಯಾಸಬಲ.

"ಬಾಯ್ಮುಚ್ರಿ ಮಾವ."

ಅಮ್ಮ ಭುಜದ ಚೀಟಿ ಕಿತ್ತು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನಾನು ಬರಲ್ಲ ಅಂತ ಹೇಳಿಬಿಡ್ತೀನಿ ಕಣೆ. ಮಂಡಿನೋವು ಅಂತ. ನೀನು ಹೋಗು."

"ನೀವು ಬರಲ್ಲ ಅಂದ್ರೆ ಅವರು ನನ್ನೂ ತಗೊಳಲ್ಲ."

"ಹಾಗಾದ್ರೆ ಬಂದು ಬಾಗಿಲ ಹೊರಗೆ ಕೂತಿರ್ತೀನಿ."

"ಬಾಗಿಲ ಹೊರಗಾ? ಹೋಗಿಬರೋರಿಗೆಲ್ಲ ಬುದ್ಧಿ ಹೇಳ್ತೀರಿ. ಮೂರೇ ದಿನಕ್ಕೆ ನನ್ನನ್ನ ಓಡಿಸ್ತಾರೆ."

"ಮತ್ತೆ ಏನ್ ಮಾಡೋಣ ಅಂತೀಯ?"

ಹೆಂಡತಿ ಕುಂಚವನ್ನು ಚೀಲಕ್ಕೆ ಹಾಕಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು, ಅಳತೆ ತೆಗೆದುಕೊಳ್ಳುವವಳಂತೆ. "ಒಳಗೇ ಕೂತ್ಕೊಳಿ. ಅಲ್ಲಾಡಬಾರದು. ಏನನ್ನೂ ತೊಳೀಬಾರದು."

"ಮಾತಾಡಬಹುದಾ?"

"ಬೇಡ ಅಂದ್ರೆ ಬಿಡ್ತೀರಾ?" ಅಂದು ಎದ್ದು ಹೋಗಿ ಸಹಿ ಹಾಕಿದಳು.

ಈಗ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಬಸ್ಸು ಹಿಡಿಯುತ್ತಾರೆ. ಹೆಂಡತಿಯ ಲ್ಯಾಬಿನ ಕೆಲಸ ಸಂಜೆಗೆ ಹೋಯಿತು. ಮನೆಯಲ್ಲಿ ಎರಡು ಕೋಣೆಯೂ ಖಾಲಿ, ಎರಡರಲ್ಲೂ ನಾನೇ. ಅಡುಗೆಯೂ ನನ್ನದೇ. ನಿನ್ನೆ ಊಟದ ಡಬ್ಬಿ ಕೊಡೋಣ ಅಂತ ಕಾಲೇಜಿಗೆ ಹೋದೆ. ಉದ್ದನೆಯ ಮೊಗಸಾಲೆ, ಕೊನೆಯ ಬಾಗಿಲು ಅವರದು, ಮುಚ್ಚಿತ್ತು. ಒಳಗಿಂದ ಜಗಳ ಕೇಳಿಸುತ್ತಿತ್ತು, ಮನೆಯಲ್ಲಿ ಕೇಳಿಸುತ್ತಿದ್ದುದಕ್ಕಿಂತ ಸ್ಪಷ್ಟವಾಗಿ. ಹೊರಗೆ ನೆಲದ ಮೇಲೆ ವಿದ್ಯಾರ್ಥಿಗಳು ಸಾಲಾಗಿ ಕೂತು ಭಕ್ತಿಯಿಂದ ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು.

ಬಾಗಿಲು ತಟ್ಟಿದೆ. ಜಗಳ ನಿಂತಿತು.

"ಯಾರು?" ಅಂದಳು ಹೆಂಡತಿ.

"ನಾನು. ಊಟ."

"ಅಲ್ಲೇ ಇಟ್ಟು ಹೋಗಿ ರೀ. ಮೂಗಿನ ಹತ್ರ ಬಂದಿದೀನಿ."

"ಮೂಗಿನ ಹತ್ರ ಬಂದಿದ್ದಾಳೆ ಕಣೋ," ಅಂದಳು ಅಮ್ಮ, ತುಟಿ ಅಲ್ಲಾಡಿಸದೆ ಮಾತಾಡುವವರ ದನಿಯಲ್ಲಿ. "ಹೋಗು."

ಒಳಗಿನಿಂದ ಚಿಲಕ ಬಿತ್ತು. ಡಬ್ಬಿ ನೆಲದ ಮೇಲಿಟ್ಟೆ. ಗಡ್ಡದ ವಿದ್ಯಾರ್ಥಿಯೊಬ್ಬ ಪಿಸುಗುಟ್ಟಿದ, "ಸರ್, ನೀವೂ ಇದರ ಭಾಗವಾ?"

"ಇಲ್ಲಪ್ಪ," ಅಂದೆ. "ನಾನು ಬರೀ ಮನೆಯವನು."

ಅವನು ತಲೆಯಾಡಿಸಿ ಅದನ್ನೂ ಬರೆದುಕೊಂಡ.