ರಜನಿಯದು ಸೋಮಾರಿತನವಲ್ಲ

ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಇನ್ನು ಐದೇ ದಿನ. ಈಗ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಅವಕ್ಕೆ ಸಾಲದು. ತಾಯಲೂರಿನ ಬೈರಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ತೋಟಕ್ಕೆ ಹೋಗುತ್ತಾಳೆ, ಹುಳುಮನೆಗೆ ಬರುತ್ತಾಳೆ, ಮತ್ತೆ ನಡುಮನೆಗೆ ಇಣುಕುತ್ತಾಳೆ. ಅಲ್ಲಿ ಸೊಸೆ ರಜನಿ ಮೂರು ದಿನದಿಂದ ಮಲಗೇ ಇದ್ದಾಳೆ. ಹೋದ ವರ್ಷ ಜ್ವರ ಬಂದು ಹೋದ ಮೇಲೆ ಆಗಾಗ ಹೀಗೇ.

ಆಶಾ ಕಾರ್ಯಕರ್ತೆ ಸುನಂದ ಬಂದಿದ್ದೇ ತಡ, ಬೈರಮ್ಮ ಶುರು ಮಾಡಿದಳು.

“ಸೋಮವಾರ ಗುಂಡುಕಲ್ಲಂಗಿದ್ಲು ಕಣಮ್ಮ. ಎರಡು ದಿನದ ಸೊಪ್ಪು ಒಂದೇ ದಿನ ಕೊಯ್ಯಿಸ್ದೆ. ಮಾರನೇ ದಿನದಿಂದ ಬಿದ್ಕೊಂಡವ್ಳೆ. ರಕ್ತ, ಥೈರಾಯ್ಡ್, ಕಫ ಎಲ್ಲಾ ಟೆಸ್ಟ್ ಆಯ್ತು, ಏನೂ ಇಲ್ಲ. ಸೋಂಬೇರಿತನ. ಭಾನುವಾರ ತವರಿಗೆ ಕಳಿಸ್ಬಿಡ್ತೀನಿ.”

“ಟೆಸ್ಟಲ್ಲಿ ಸಿಗದ ಕಾಯಿಲೆನೂ ಐತೆ ಅಕ್ಕ. ದೀರ್ಘಕಾಲದ ಆಯಾಸದ ಕಾಯಿಲೆ ಅಂತ ಕೋಲಾರದ ಡಾಕ್ಟ್ರು ಚೀಟಿಯಲ್ಲಿ ಬರೆದವ್ರಲ್ಲ.”

“ಅದ್ಯಾವ ಹೊಸ ರೋಗ?”

“ಹಳೇದೇ. 1955ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಲಿ ನರ್ಸು, ಡಾಕ್ಟ್ರು ಸೇರಿ ಹತ್ರ ಹತ್ರ ಮುನ್ನೂರು ಜನ ಹಿಂಗೇ ಬಿದ್ರು. ಹದಿನೈದು ವರ್ಷ ಆದ್ಮೇಲೆ ಇಬ್ಬರು ಡಾಕ್ಟ್ರು ರೋಗಿಗಳ್ನ ಮಾತಾಡಿಸ್ದೇನೇ, ಬರೀ ಕಾಗದ ನೋಡಿ, ಇದು ಮನಸ್ಸಿನ ಭ್ರಮೆ ಅಂದ್ಬಿಟ್ರು. ಆಮೇಲೆ ಬೇರೆ ಡಾಕ್ಟ್ರು ವ್ಯಾಯಾಮ ಮಾಡ್ಸಿದ್ರೆ ಸರಿಹೋಗುತ್ತೆ ಅಂತಾನೂ ಅಂದ್ರು. ಎಷ್ಟೋ ಜನ ಇನ್ನೂ ಕುಸಿದ್ರು. ಈಗ ಹಂಗೆ ಮಾಡಿಸ್ಬೇಡಿ ಅಂತ ಅಲ್ಲಿನವ್ರೇ ಹೇಳ್ತಾವ್ರೆ. ಹೋಗ್ಲಿ, ಇವ್ಳು ಹೋದ ಸಲ ಯಾವಾಗ ಬಿದ್ಲು?”

“ರಾಗಿ ಕೊಯ್ದ ಮಾರನೇ ದಿನ.”

“ಅದಕ್ಕೆ ಮುಂಚೆ?”

“ಗೂಡು ಬಿಡಿಸಿದ ಮಾರನೇ...” ಬೈರಮ್ಮನಿಗೆ ಹೊಳೆಯಿತು. ಸೊಸೆ ಚೆನ್ನಾಗಿ ಎದ್ದ ದಿನವೇ ಬಾಕಿ ಕೆಲಸವನ್ನೆಲ್ಲ ಮಾಡಿಸಿದವಳು ತಾನೇ. ನಾಚಿಕೆಯಾಯಿತು. ಆದರೆ ಸೊಪ್ಪು ಕೊಯ್ಯುವವರು ಯಾರು? ಚಡಪಡಿಸುತ್ತಲೇ ಪಕ್ಕದ ಮನೆಯ ಆದಿಲಕ್ಷ್ಮಿಯನ್ನು ಮುಯ್ಯಾಳಿಗೆ ಕರೆದಳು. ಬದಲಿಗೆ ಅವರ ಹುಳುವಿನ ಕೆಲಸಕ್ಕೆ ತಾನು ಹೋಗುವುದೆಂದು ಮಾತಾಯಿತು.

ಭಾನುವಾರ ಬೆಳಿಗ್ಗೆ ರಜನಿ ತಾನಾಗಿಯೇ ಎದ್ದು ಕುಡುಗೋಲು ಹಿಡಿದು ಬಂದಳು.

“ಇವತ್ತು ಮೈ ಹಗುರಾಗೈತೆ ಅತ್ತೆ. ಕೊಯ್ತೀನಿ. ತವರಿಗೆ ಕಳಿಸ್ಬೇಡಿ.”

ಬೈರಮ್ಮ ಕುಡುಗೋಲು ಕಿತ್ತುಕೊಂಡಳು.

“ಹಗುರಾಗೈತೆ ಅಂತಾನೇ ಇವತ್ತು ಸುಮ್ನೆ ಕೂತ್ಕೋಬೇಕು ಕಣೇ. ಎಲ್ಲೂ ಕಳಿಸಲ್ಲ.”

ನಿಮ್ಮ ಮನೆಯಲ್ಲೂ ಯಾರಾದರೂ ತಿಂಗಳುಗಟ್ಟಲೆ ದಣಿದಿದ್ದಾರೆಯೇ? ನಿದ್ದೆ ಮಾಡಿದರೂ ದಣಿವು ಹೋಗದೆ, ದುಡಿದ ಮಾರನೇ ದಿನ ಕುಸಿಯುತ್ತಾರೆಯೇ? ಬೈಯುವ ಮುನ್ನ ವೈದ್ಯರಿಗೆ ತೋರಿಸಿ. ರಿಪೋರ್ಟಿನಲ್ಲಿ ಏನೂ ಬರದಿದ್ದರೂ ಅವರ ಮಾತನ್ನು ನಂಬಿ. ಇದನ್ನು ಪೂರಾ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ನಂಬುವುದಕ್ಕೆ ಔಷಧಿ ಬರುವ ತನಕ ಕಾಯಬೇಕಿಲ್ಲ.