ನೀರು ಕುಡಿ ಎಂದ ಮಾತು

ರಬ್ಬರಿನ ವಾಸನೆ ಬಂದರೆ ಮೇಷ್ಟ್ರಿಗೆ ಈಗಲೂ ಅಪ್ಪನ ನೆನಪು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ದಿನವಿಡೀ ಪಂಕ್ಚರ್ ಹಾಕಿ ಮನೆಗೆ ಬಂದು ಎಷ್ಟು ಸೋಪು ತಿಕ್ಕಿದರೂ ಕೈಗೆ ಹತ್ತಿದ ಟ್ಯೂಬಿನ ವಾಸನೆ ಹೋಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮೈ ಬಿಸಿಯಾದರೆ ಆ ಕೈ ಹಣೆಯ ಮೇಲೆ ಬಂದು ಕೂರಬೇಕು, ಆಮೇಲೆಯೇ ನಿದ್ದೆ.

ಆವತ್ತು ಕ್ರೀಡಾಂಗಣದ ಉಗ್ರಾಣದಲ್ಲಿ ಪೆಟ್ಟಿಗೆ ತೆರೆದಾಗ ಅದೇ ವಾಸನೆ ಮುಖಕ್ಕೆ ಬಡಿಯಿತು. ಸೀಸನ್ನಿನ ಎರಡನೇ ಅರ್ಧಕ್ಕೆಂದು ತರಿಸಿದ್ದ ಹೊಸ ಬ್ಯಾಸ್ಕೆಟ್‌ಬಾಲುಗಳು. ಆ ಎರಡನೇ ಅರ್ಧ ಬರಲೇ ಇಲ್ಲ. ಊರೂರಿಗೆ ಹಬ್ಬಿದ ಜ್ವರ ಆಟಗಾರರ ಬಸ್ಸನ್ನೂ ಹತ್ತಿತು. ಒಂದು ಸಂಜೆ ಹುಡುಗರು ಪಂದ್ಯಕ್ಕೆ ಮೈ ಸಡಿಲ ಮಾಡಿಕೊಳ್ಳುತ್ತಿದ್ದಾಗಲೇ ಲೀಗ್ ನಿಲ್ಲಿಸಿದ್ದೇವೆ ಎಂಬ ಸುದ್ದಿ ಬಂತು. ಗೆದ್ದವರಿಲ್ಲ, ಸೋತವರಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತವರ ಹಾಗಾಯಿತು ತಂಡದ ಪಾಡು. ಒಳಗೂ ಇಲ್ಲ, ಹೊರಗೂ ಇಲ್ಲ. ಮೇಷ್ಟ್ರಿಗೆ ಆಗಿನಿಂದ ಹತ್ತಿದ ದಣಿವು ಎಷ್ಟು ಮಲಗಿದರೂ ಇಳಿದಿರಲಿಲ್ಲ. ಕೆಲಸ ಮಾಡಿ ಬಂದ ದಣಿವಾದರೆ ಮಲಗಿ ಎದ್ದರೆ ಹೋಗುತ್ತದೆ. ಕೆಲಸ ಅರ್ಧಕ್ಕೆ ನಿಂತು ಬಂದ ದಣಿವಿಗೆ ಮದ್ದು ಯಾವುದು?

ಅವರು ತಂಡದ ಕೋಚು. ಮೊದಲು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ದೊಡ್ಡ ತಂಡಕ್ಕೆ ಬಂದರೂ ಆ ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಮೇಲೆ ಕಚೇರಿಯಲ್ಲಿ ಮ್ಯಾನೇಜರಮ್ಮನೂ ತಂಡದ ಡಾಕ್ಟರೂ ಕಾಯುತ್ತಿದ್ದರು. ಮೇಷ್ಟ್ರು ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ಕಂಡ ಡಾಕ್ಟರು ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನು ಅವರತ್ತ ಸರಿಸಿ, ತಾವು ಸ್ಟೂಲಿನ ಮೇಲೆ ಹೋಗಿ ಕುಳಿತರು.

“ಮಾಲೀಕರು ತಂಡ ಚಿಕ್ಕದು ಮಾಡಿ ಅಂದಿದಾರೆ,” ಎಂದರು ಮ್ಯಾನೇಜರಮ್ಮ. “ಮಿಕ್ಕವರದ್ದೆಲ್ಲ ಆಯ್ತು. ಉಳಿದಿರೋದು ಒಂದೇ ಜಾಗ. ಏಣಿನೋ, ಚಿಗರೆನೋ ಹೇಳಿಬಿಡಿ ಮೇಷ್ಟ್ರೇ.”

ಏಣಿ ತಂಡದ ನಾಯಕ. ಎತ್ತರ ನೋಡಿ ಯಾರೋ ಇಟ್ಟ ಹೆಸರು. ಈಗ ಕಟ್ಟಿಕೊಂಡ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ಮೇಷ್ಟ್ರ ಶಾಲೆಯಲ್ಲೇ ಚೆಂಡು ಹಿಡಿಯುವುದನ್ನು ಕಲಿತವನು. ಚಿಗರೆ ಹೋದ ವರ್ಷ ಬಂದ ಹುಡುಗ. ಎರಡೂ ಕೈಯಲ್ಲಿ ಆಡುತ್ತಾನೆ, ಬೈದರೆ ಹಲ್ಲು ಕಿರಿಯುತ್ತಾನೆ.

“ಏಣಿ ಮೊಣಕಾಲು?” ಎಂದರು ಮೇಷ್ಟ್ರು, ಡಾಕ್ಟರ ಕಡೆ ನೋಡದೆ.

“ಇನ್ನೊಂದು ಪೂರ್ತಿ ಸೀಸನ್ ತಡೆಯಲ್ಲ. ಚಿಕ್ಕ ಲೀಗಲ್ಲಿ ವಾರಕ್ಕೊಂದು ಮ್ಯಾಚು ಅಂದ್ರೆ ಆಡಬಹುದು. ಇಲ್ಲಿ ಆಗಲ್ಲ.”

ಮೇಷ್ಟ್ರು ಕಿಟಕಿಯಾಚೆ ಖಾಲಿ ಪಾರ್ಕಿಂಗ್ ಜಾಗವನ್ನು ನೋಡಿದರು. ಉಳಿದ ಅರ್ಧ ಸೀಸನ್ ಸಿಕ್ಕಿದ್ದರೆ ಏಣಿ ಕೊನೆಯ ಪಂದ್ಯ ಎಂದು ಗೊತ್ತಿಟ್ಟುಕೊಂಡೇ ಒಂದು ಪಂದ್ಯ ಆಡುತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅದೂ ಇಲ್ಲ.

“ಚಿಗರೆ,” ಎಂದರು. “ಏಣಿಗೆ ನಾನೇ ಹೇಳ್ತೀನಿ. ನೀವು ಯಾರೂ ಬಾಯಿ ಬಿಡಬೇಡಿ.”

“ನೀವಾ? ಬೈಯೋದು ಬಿಟ್ಟು ನಿಮ್ಮ ಬಾಯಿಗೆ ಬೇರೆ ಏನು ಬರುತ್ತೆ ಮೇಷ್ಟ್ರೇ?” ಎಂದರು ಮ್ಯಾನೇಜರಮ್ಮ. ತಮಾಷೆಗೆಂದೇ ಹೇಳಿದ್ದು; ಆದರೂ ಟೇಬಲ್ ಫ್ಯಾನನ್ನು ಅವರ ಕಡೆಗೆ ತಿರುಗಿಸಿಟ್ಟರು. ಏಣಿಯ ಕರಾರು ಸೀಸನ್ನಿನ ಜೊತೆಗೇ ಮುಗಿದಿತ್ತು. ಕಾಗದ ಪತ್ರ ಏನೂ ಬೇಕಿರಲಿಲ್ಲ, ಒಂದು ಮಾತು ಹೇಳಿದರೆ ಸಾಕಿತ್ತು.

ಆ ಒಂದು ಮಾತೇ ಎಡವಟ್ಟಾಯಿತು.

ಮೇಷ್ಟ್ರದು ಹಳೆಯ ಒಂದು ರೂಢಿ. ಶಾಲೆಯಲ್ಲಿದ್ದಾಗ ಆಟದ ನಡುವೆ ಯಾವುದಾದರೂ ಮಗುವನ್ನು ಹೊರಗೆ ಕರೆದರೆ ಅದು ಗೊಳೋ ಎಂದು ಅಳುತ್ತಿತ್ತು. ಅದಕ್ಕೆ ಅವರು ‘ಹೊರಗೆ ಬಾ’ ಎನ್ನುವುದನ್ನೇ ಬಿಟ್ಟು ‘ನೀರು ಕುಡಿ’ ಎನ್ನತೊಡಗಿದರು. ಮಗು ಬಂದು ನೀರು ಕುಡಿದು, ಬೆಂಚಿನ ಮೇಲೆ ಕೂತು, ಮತ್ತೆ ಅಂಗಳಕ್ಕಿಳಿಯುತ್ತಿತ್ತು. ದೊಡ್ಡ ತಂಡದಲ್ಲೂ ಅದೇ ಮಾತು ಉಳಿಯಿತು. ಮೇಷ್ಟ್ರು ‘ನೀರು ಕುಡಿ’ ಎಂದರೆ ಸ್ವಲ್ಪ ಕೂತುಕೋ, ನಿನ್ನನ್ನು ಮತ್ತೆ ಇಳಿಸುತ್ತೇನೆ ಎಂದು ಅರ್ಥ. ಇನ್ನು ಇಳಿಸುವುದಿಲ್ಲ ಎನ್ನುವುದಕ್ಕೆ ಅವರ ಹತ್ತಿರ ಮಾತೇ ಇರಲಿಲ್ಲ.

ಆ ಸಂಜೆ ಏಣಿಗೆ ಫೋನು ಮಾಡಿ ಹವೆಯ ವಿಷಯ ಮಾತಾಡಿದರು, ಕಾಲು ನೋವಿನ ವಿಷಯ ಮಾತಾಡಿದರು, ಮಾಲೀಕರನ್ನು ಒಂದಿಷ್ಟು ಬೈದರು. ಕೊನೆಗೆ, “ನೋಡೋ, ತಂಡ ಚಿಕ್ಕದು ಮಾಡ್ತಿದಾರೆ. ಡಾಕ್ಟರೂ ನಿನ್ನ ಮೊಣಕಾಲು ಅಂತಿದಾರೆ. ಅದಕ್ಕೇ... ಸದ್ಯಕ್ಕೆ ನೀನು ನೀರು ಕುಡಿ ಕಣೋ,” ಎಂದರು.

“ಸರಿ ಮೇಷ್ಟ್ರೇ. ಅದಕ್ಕೇನಂತೆ!” ಎಂದ ಏಣಿ.

ಮೇಷ್ಟ್ರು ಫೋನಿಟ್ಟರು. ದೊಡ್ಡ ಮನಸ್ಸಿನವನು, ಎಷ್ಟು ಹಗುರಾಗಿ ತೆಗೆದುಕೊಂಡ ಎಂದು ಮರುದಿನ ಮ್ಯಾನೇಜರಮ್ಮನ ಮುಂದೆ ಹೊಗಳಿದ್ದೂ ಆಯಿತು.

ತಿಂಗಳೊಂದು ಕಳೆದಿರಬೇಕು. ಒಂದು ಮಧ್ಯಾಹ್ನ ಮ್ಯಾನೇಜರಮ್ಮ ತಾವೇ ಕೆಳಗಿಳಿದು ಬಂದರು.

“ಮೇಷ್ಟ್ರೇ, ನೀವು ಏಣಿಗೆ ಏನು ಹೇಳಿದ್ರಿ?”

“ಯಾಕೆ? ಹೇಳೋದನ್ನೇ ಹೇಳಿದೆ.”

“ಚಿಕ್ಕ ಲೀಗಿನ ಕ್ಲಬ್ಬಿಂದ ಫೋನು ಬಂದಿತ್ತು. ಅವನನ್ನ ಕರೆದ್ರಂತೆ. ಆಡೋದೂ ಆಯ್ತು, ಹುಡುಗರಿಗೆ ಕಲಿಸೋದೂ ಆಯ್ತು ಅಂತ. ಅವನು ಬರಲ್ಲ ಅಂದನಂತೆ. ನಮ್ಮ ಮೇಷ್ಟ್ರು ನನ್ನನ್ನ ಮತ್ತೆ ಕರೀತಾರೆ, ಮಾತು ಕೊಟ್ಟಿದಾರೆ ಅಂದನಂತೆ. ನಿಜವಾ ಅಂತ ನನ್ನ ಕೇಳ್ತಾರೆ. ಸಂಜೆಯೊಳಗೆ ಇನ್ನೊಬ್ಬರಿಗೆ ಹೂಂ ಅಂದುಬಿಡ್ತಾರಂತೆ.”

ಮೇಷ್ಟ್ರು ಬೆಂಚಿನಿಂದ ಎದ್ದುಬಿಟ್ಟರು. “ನೀರು ಕುಡಿ ಅಂದೆ,” ಎಂದರು ಮೆಲ್ಲಗೆ.

“ಅಯ್ಯೋ ನಿಮ್ಮ!” ಎಂದು ಮ್ಯಾನೇಜರಮ್ಮ ಹಣೆ ಚಚ್ಚಿಕೊಂಡರು. ಮುಂದೆ ಬೈಯಲಿಲ್ಲ. “ಇದನ್ನ ಫೋನಲ್ಲಿ ಹೇಳಬೇಡಿ. ನನ್ನ ಕಾರಲ್ಲಿ ಹೋಗಿ. ಡ್ರೈವರಿಗೆ ಹೇಳ್ತೀನಿ.”

ಏಣಿಯ ಮನೆ ಮೂರನೇ ಮಹಡಿ. ಲಿಫ್ಟು ಕೆಟ್ಟಿತ್ತು. ಮೇಷ್ಟ್ರು ಮೆಟ್ಟಿಲ ಕಂಬಿ ಹಿಡಿದು ನಿಂತು ನಿಂತು ಹತ್ತಿದರು. ಎದುರಿಂದ ಬಟ್ಟೆಯ ಬುಟ್ಟಿ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ಅವರ ಮುಖ ನೋಡಿ, ಕಂಬಿಯ ಬದಿಯನ್ನು ಅವರಿಗೆ ಬಿಟ್ಟು ಗೋಡೆಗೆ ಒರಗಿ ನಿಂತಳು.

ಬಾಗಿಲು ತೆರೆದವಳು ಏಣಿಯ ಹೆಂಡತಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಅವಳಿಗೆ. ಆಗಷ್ಟೇ ಬಂದಿದ್ದಳೋ ಏನೋ, ಕೆಲಸದ ಉಡುಪಿನಲ್ಲೇ ಇದ್ದಳು.

“ಬನ್ನಿ ಮೇಷ್ಟ್ರೇ! ಏ ಏಣಿ, ಯಾರು ಬಂದಿದಾರೆ ನೋಡು. ನಾನು ಹೇಳಲಿಲ್ವಾ, ಕರೆಯೋಕೆ ಅವರೇ ಬರ್ತಾರೆ ಅಂತ?”

ಒಳಗೆ ಏಣಿ ನೆಲದ ಮೇಲೆ ಮಲಗಿ, ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಮೇಲೆತ್ತಿ ಇಳಿಸುತ್ತಿದ್ದ. ಅವನು ಮಲಗಿದರೆ ಕೋಣೆಯಲ್ಲಿ ಬೇರೆಯವರಿಗೆ ಜಾಗವೇ ಇರುತ್ತಿರಲಿಲ್ಲ.

“ನೋಡಿ ಮೇಷ್ಟ್ರೇ, ಹೋದ ವಾರ ಇದರ ಅರ್ಧವೂ ಎತ್ತೋಕಾಗ್ತಿರಲಿಲ್ಲ. ಡಾಕ್ಟರು ನೋಡಿದ್ರೆ ಮೂಗಿನ ಮೇಲೆ ಬೆರಳಿಡ್ತಾರೆ. ಪ್ರಾಕ್ಟೀಸು ಯಾವಾಗಿಂದ?”

ಮೇಷ್ಟ್ರು ಕೂರಲಿಲ್ಲ. ಕೂತರೆ ಮಾತು ಮತ್ತೆ ಜಾರಿಬಿಡುತ್ತದೆ ಎಂಬ ಹೆದರಿಕೆ.

“ನಿನ್ನನ್ನ ತಂಡದಿಂದ ಬಿಟ್ಟಿದೀವಿ ಕಣೋ,” ಎಂದರು. “ಮಾಲೀಕರಲ್ಲ, ನಾನೇ. ನಿನ್ನ ಜಾಗಕ್ಕೆ ಚಿಗರೆ ಅಂತ ನಾನೇ ಹೇಳಿದೆ. ಆವತ್ತು ಫೋನಲ್ಲಿ ಹೇಳೋಕೆ ಹೊರಟಿದ್ದು ಇದನ್ನೇ.”

ಏಣಿಯ ಕಾಲು ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

“ಆದ್ರೆ ನೀವು ನೀರು ಕುಡಿ ಅಂದ್ರಿ.”

“ಅಂದೆ. ಬೇರೆ ಮಾತು ಬರಲಿಲ್ಲ.”

“ಇಷ್ಟು ವರ್ಷ ಆಟದಲ್ಲಿ ಊರಿಗೆಲ್ಲ ಕೇಳೋ ಹಾಗೆ ಕೂಗಿದ್ರಲ್ಲ ಮೇಷ್ಟ್ರೇ,” ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು. “ಇದೊಂದಕ್ಕೆ ಬಾಯಿ ಕಟ್ಟಿಹೋಯ್ತಾ? ಬಂದ ಕೆಲಸಾನ ಇವನು ಕೈಯಾರೆ ತಳ್ಳಿದ. ನಮ್ಮ ಮೇಷ್ಟ್ರು, ನಮ್ಮ ಮೇಷ್ಟ್ರು ಅಂತ.”

“ಸುಮ್ನಿರೇ,” ಎಂದ ಏಣಿ.

“ಅವಳು ಹೇಳಲಿ,” ಎಂದರು ಮೇಷ್ಟ್ರು. “ಆದ್ರೆ ನೀನು ಮೊದಲು ಆ ಕ್ಲಬ್ಬಿಗೆ ಫೋನು ಮಾಡು. ಸಂಜೆವರೆಗೆ ಕಾಯ್ತಾರೆ. ತಪ್ಪು ನಿನ್ನದಲ್ಲ, ಮೇಷ್ಟ್ರದು ಅಂತ ಹೇಳು. ಬೇಕಾದ್ರೆ ನನ್ನ ಕೈಗೆ ಕೊಡು, ನಾನೇ ಹೇಳ್ತೀನಿ.”

ಏಣಿ ಕಾಲಿನ ಚೀಲ ಬಿಚ್ಚಿದ. ಎದ್ದು ನಿಂತಾಗ ಮೊಣಕಾಲು ಲಟ್ಟೆಂದಿತು. ಮೂವರಿಗೂ ಕೇಳಿತು, ಯಾರೂ ಆ ಕಡೆ ನೋಡಲಿಲ್ಲ. ಅವನು ಒಳಕೋಣೆಗೆ ಹೋಗಿ ಬಾಗಿಲೆಳೆದುಕೊಂಡ.

ಮೇಷ್ಟ್ರು ಅಡುಗೆಮನೆಯ ಪುಟ್ಟ ಮೇಜಿನ ಬಳಿ ಕುಸಿದು ಕೂತರು. ಅವಳು ಅವರಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಬಾಗಿಲಾಚೆಯಿಂದ ಏಣಿಯ ದನಿ ತುಂಡು ತುಂಡಾಗಿ ಬರುತ್ತಿತ್ತು. “ಇಲ್ಲ ಸಾರ್, ನಾನೇ ತಪ್ಪು ತಿಳ್ಕೊಂಡೆ... ಹೌದು, ಮೊಣಕಾಲು ನೋವಿದೆ... ಇಲ್ಲ, ಮೇಷ್ಟ್ರು ಒಳ್ಳೆಯವರೇ...” ಆಮೇಲೆ ಬಹಳ ಹೊತ್ತು ಮಾತೇ ಇಲ್ಲ. ಅವಳ ಕೈಯಲ್ಲಿದ್ದ ಸೌಟು ಕೂಡ ಅಲುಗಲಿಲ್ಲ.

ಏಣಿ ಬಾಗಿಲಲ್ಲಿ ಬಗ್ಗಿ ಹೊರಬಂದ.

“ಬಾ ಅಂದ್ರು. ಆಡೋದು ಅಷ್ಟಕ್ಕಷ್ಟೇ ಅಂತೆ, ಕಲಿಸೋದೇ ಜಾಸ್ತಿ. ಬರೋ ವಾರದಿಂದ.”

“ಆಗುತ್ತಾ ನಿನಗೆ?”

“ಆಗದೆ ಏನು ಮಾಡೋದು ಮೇಷ್ಟ್ರೇ,” ಎಂದ. ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. “ಚಿಗರೆಗೆ ಒಂದು ಮಾತು ಹೇಳಿ. ಎಡಗಡೆ ತಿರುಗುವಾಗ ಚೆಂಡನ್ನ ತುಂಬ ಮೇಲೆ ಎತ್ತಿಬಿಡ್ತಾನೆ. ನಾನು ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಎಲ್ಲ ನಿಂತೇಹೋಯ್ತು.” ಮುಖ ತೊಳೆಯುತ್ತೇನೆಂದು ಬಚ್ಚಲಿಗೆ ಹೋದವನು ನಲ್ಲಿ ತಿರುಗಿಸಿ ಬಹಳ ಹೊತ್ತು ಹಾಗೇ ಬಿಟ್ಟ.

ಮೇಷ್ಟ್ರು ಎದ್ದರು. ಏನಾದರೂ ಹೇಳಬೇಕೆನಿಸಿತು, ಹೇಳುವುದರಲ್ಲಿ ತಾವು ಎಂಥ ಜಾಣರು ಎಂಬುದು ನೆನಪಾಗಿ ಸುಮ್ಮನಾದರು. ಬಾಗಿಲ ಕಡೆ ತಿರುಗಿದಾಗ ಅವಳು ಅಡ್ಡ ಬಂದು ನಿಂತಳು. ಮುಖ ಇನ್ನೂ ಬಿಗಿದೇ ಇತ್ತು. ಕೈಯಲ್ಲಿ ತಟ್ಟೆ, ತನಗೆಂದು ಬಡಿಸಿಕೊಂಡಿದ್ದ ಅನ್ನ, ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಚಮಚ. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಅವರ ಎರಡೂ ಕೈಗಳನ್ನು ತಟ್ಟೆಯ ಅಡಿಗೆ ಸೇರಿಸಿ, ಗಟ್ಟಿಯಾಗಿ ಹಿಡಿದರೆಂದು ಖಾತ್ರಿಯಾದ ಮೇಲೆ ತನ್ನ ಕೈ ತೆಗೆದಳು.